ಎಡಗಡೇದು ದೊಡ್ಡದಾಯ್ತು

ಅಂದು ಮಾಡಿದ ಕೆಲಸ: ಬಾವಿಯಿಂದ ಎಂಟು ಬಿಂದಿಗೆ ನೀರು ಸೇದಿ ಹಂಡೆ ತುಂಬಿಸಿದ್ದು. ಬಾಗಿಲು ಸಾರಿಸಿ ರಂಗೋಲಿ ಬಿಟ್ಟದ್ದು. ಹಿಂದಿನ ದಿನ ಗಂಜಿ ಹಾಕಿದ್ದ ಇವರ ಬಿಳಿ ಅಂಗಿಗೆ ಇದ್ದಲಿನ ಪೆಟ್ಟಿಗೆಯಲ್ಲಿ ಇಸ್ತ್ರಿ, ಕಾಲರಿಗೆ ಎರಡು ಸಲ. ಭುಜದ ಪಟ್ಟಿಗಳ ಜರಿ ಒರೆಸಿದ್ದು. ಸ್ಟೌವಿಗೆ ಪಿನ್ನು ಚುಚ್ಚಿ ಉಪ್ಪಿಟ್ಟು ಮಾಡಿದ್ದು. ಇವರು ಅರ್ಧ ತಿಂದು ಎದ್ದರು, ಉಳಿದರ್ಧ ನಾನು ತಿಂದೆ. ನೆನೆಹಾಕಿದ್ದ ಅವರೆಕಾಳು ಬಸಿದು ಮೊರಕ್ಕೆ ಸುರಿದದ್ದು. ಹಾಲಿನವಳ ಹತ್ತಿರ ಅರ್ಧ ಸೇರು ಹಾಲು ಹೆಚ್ಚಿಗೆ ತೆಗೆದುಕೊಂಡದ್ದು. ಯಾಕೆ ಅಂತ ಅವಳು ಕೇಳಿದಳು. ಸುಮ್ಮನೆ ಅಂದೆ. ಪಾಯಸ ಮಾಡುವ ಹಾಗಾದರೆ ಇರಲಿ ಅಂತ ತೆಗೆದುಕೊಂಡದ್ದು, ಆದರೆ ಹಾಗಂತ ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ.

ಇಷ್ಟೂ ನನ್ನ ನೆನಪಿನ ಬಲ ಅಂತ ತಿಳಿಯಬೇಡಿ. ಗೋಡೆಯ ಕ್ಯಾಲೆಂಡರಿನಿಂದ ದಿನದ ಹಾಳೆ ಹರಿದ ಮೇಲೆ ಅದರ ಬೆನ್ನಿಗೆ ಆ ದಿನದ ಕೆಲಸ ಬರೆದು ಡಬ್ಬಕ್ಕೆ ಹಾಕುವುದು ನನ್ನ ಅಭ್ಯಾಸ. ಆ ಹಾಳೆ ಈಗಲೂ ಇದೆ, ಎಣ್ಣೆಯ ಕಲೆ ಸಮೇತ. ಅದರ ಕೊನೆಯ ಸಾಲು, "ಇವರದು ಎರಡನೇ ಸಲ." ಏನು ಎರಡನೇ ಸಲ ಅಂತ ಬರೆದಿಲ್ಲ. ಬರೆಯಲು ಕೈ ಬಂದಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು ಇದು. ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯಿಂದ ಕೆರೆಯ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಹೆಂಚಿನ ಮನೆ. ಮನೆಯಲ್ಲಿ ಮೂವರು: ಇವರು, ಅಂದರೆ ನನ್ನ ಯಜಮಾನರು; ಇವರ ತಾಯಿ, ನಮ್ಮತ್ತೆ; ಮತ್ತೆ ನಾನು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಇವರದು ಅಲ್ಲಾಳಸಂದ್ರದ ಒಕ್ಕಲು ಮನೆತನ. ಕಾಲೇಜು ಓದುತ್ತಿದ್ದವರು ಮನೆಯಲ್ಲಿ ಯಾರಿಗೂ ಹೇಳದೆ ಜಕ್ಕೂರಿನ ಬಯಲಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ಸೇರಿಕೊಂಡು, ಅಲ್ಲಿಂದ ವಿಮಾನ ಕಂಪನಿಯೊಂದಕ್ಕೆ ಪೈಲಟ್ಟಾಗಿ ಹೋದರು. ನಾನು ಯಶವಂತಪುರದ ಸ್ಟೇಷನ್ ಹಿಂದಿನ ಬೀದಿಯವಳು. ನಮ್ಮಪ್ಪ ರೈಲ್ವೆ ಗಾರ್ಡು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಿದ ಮೇಲೇ ಕೆಲಸಕ್ಕೆ ಕೈ ಹಾಕುವುದು ಆ ಮನೆಯ ಪದ್ಧತಿ. ಅದು ಹಾಲು ತರುವುದಿರಲಿ, ಗಾಡಿ ಬಿಡುವುದಿರಲಿ.

ಹದಿನಾಲ್ಕು ವರ್ಷ ಇವರು ಹಾರಿಸಿದ್ದು ಡಕೋಟ ಅನ್ನುವ ವಿಮಾನ. ಕಣ್ಣು ಕಟ್ಟಿ ಕೂರಿಸಿದರೂ ಯಾವ ಹಿಡಿ ಎಲ್ಲಿದೆ ಅಂತ ಇವರ ಕೈಗೇ ಗೊತ್ತಿತ್ತು. ಆ ವರ್ಷ ಕಂಪನಿಯವರು ಡಕೋಟಗಳನ್ನು ಒಂದೊಂದಾಗಿ ನಿಲ್ಲಿಸಿ ಹೊಸ ಜಾತಿಯ ವಿಮಾನ ತರಿಸಿದರು. ಹಳಬರೆಲ್ಲ ಹೊಸದನ್ನು ಕಲಿತು ಪರೀಕ್ಷೆ ಕೊಡಬೇಕು. ಅವರ ಮಾತಿನಲ್ಲಿ ಅದಕ್ಕೆ ಚೆಕ್ಕು. ಪಾಸಾದರೆ ಹೊಸ ವಿಮಾನ. ಆಗದಿದ್ದರೆ ಡಕೋಟ ಇರುವಷ್ಟು ದಿನ ಡಕೋಟ, ಆಮೇಲೆ ನೆಲದ ಮೇಲೆ ಮೇಜು ಕುರ್ಚಿ, ಯಾರು ಯಾವತ್ತು ಹಾರಬೇಕು ಅಂತ ಪಟ್ಟಿ ಬರೆಯುವ ಕೆಲಸ. ಇವರಿಗೆ ಆಗ ನಲವತ್ತು. ಕಚೇರಿಯ ಕುರ್ಚಿಯಲ್ಲಿ ಇವರನ್ನು ಊಹಿಸಿಕೊಂಡರೆ ನನಗೆ ನಮ್ಮೂರ ಗೂಡ್ಸ್ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತ ಎಂಜಿನ್ನು ನೆನಪಾಗುತ್ತಿತ್ತು.

"ಅಷ್ಟೊಂದು ಕಷ್ಟಾನಾ ಅದು? ಎರಡೂ ವಿಮಾನಾನೇ ಅಲ್ವೇನ್ರಿ?" ಅಂತ ಒಂದು ದಿನ ಕೇಳಿದೆ.

"ಡಕೋಟ ಇದೆಯಲ್ಲ, ನೆಲದ ಮೇಲೆ ನಾಯಿ ಕೂತ ಹಾಗೆ ಕೂತಿರತ್ತೆ. ಬಾಲ ಕೆಳಗೆ, ಮೂತಿ ಮೇಲೆ. ಇದು ಎತ್ತು ನಿಂತ ಹಾಗೆ ನಾಲ್ಕೂ ಕಾಲ ಮೇಲೆ ನೆಟ್ಟಗೆ ನಿಂತಿರತ್ತೆ. ಅದನ್ನ ಇಳಿಸೋದೇ ಬೇರೆ, ಇದನ್ನ ಇಳಿಸೋದೇ ಬೇರೆ."

"ನಾಲ್ಕು ಚಕ್ರಾನಾ?"

"ಮೂರು ಕಡೆ ಚಕ್ರ ಕಣೇ. ಮಾತಿಗೆ ಹೇಳಿದೆ. ನೀನೂ ಚೆಕ್ಕು ಮಾಡೋಳ ಹಾಗೆ ಹಿಡ್ಕೋಬೇಡ."

ಮೂಲೆಯಲ್ಲಿದ್ದ ಅತ್ತೆ, "ನಾಯಿ ಬುಟ್ಟು ಎತ್ತು ಇಡ್ಕೊಂಡ್ರೆ ಒಳ್ಳೇದೇ ಆಯ್ತಲ್ಲ ಬುಡು," ಅಂದರು. ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಮಗನ ಕೆಲಸ ಏನೆಂದು ಕೇಳಿದವರಿಗೆ "ಆಕಾಸದಾಗೆ ಗಾಡಿ ಒಡೀತಾನೆ" ಅನ್ನುತ್ತಿದ್ದರು.

ಪಾಠದ ತರಗತಿಗಳು ಬೇರೆ ಊರಿನಲ್ಲಿ ಮೂರು ವಾರ ನಡೆದವು. ಅಲ್ಲಿಂದ ಇವರು ಹೊತ್ತು ತಂದ ಪುಸ್ತಕ ನಾವು ಮುದ್ದೆ ಕಟ್ಟುವ ಹಿಟ್ಟಿನ ಕಲ್ಲಿನಷ್ಟು ದಪ್ಪ. ಅದನ್ನು ಒಬ್ಬರೇ ಓದಿದರೆ ಪ್ರಯೋಜನವಿಲ್ಲವಂತೆ. ಡಕೋಟದಲ್ಲಿ ಇವರು ಎಷ್ಟೋ ಕೆಲಸವನ್ನು ಬಾಯಿ ತೆರೆಯದೆ ಕೈಯಲ್ಲೇ ಮುಗಿಸುತ್ತಿದ್ದರು. ಹೊಸದರಲ್ಲಿ ಹಾಗಿಲ್ಲ. ಒಬ್ಬರು ಹೇಳಬೇಕು, ಪಕ್ಕದವರು ಹೌದು ಅನ್ನಬೇಕು, ಆಮೇಲೇ ಕೈ ಹಾಕಬೇಕು. ಇದನ್ನು ಕೇಳಿ ನನಗೆ ಒಳಗೊಳಗೇ ಖುಷಿ. ಅಪ್ಪನ ಮನೆಯ ಪದ್ಧತಿ ಆಕಾಶಕ್ಕೂ ಹತ್ತಿತಲ್ಲ ಅಂತ.

ಸರಿ, ಪಡಸಾಲೆಯಲ್ಲಿ ವಿಮಾನ ಕಟ್ಟಿದೆವು. ಉಗ್ರಾಣದ ಬಾಗಿಲಿನ ಮೇಲೆ ಪುಸ್ತಕದ ಚಿತ್ರ ನೋಡಿಕೊಂಡು ನಾನು ಸೀಮೆಸುಣ್ಣದಲ್ಲಿ ಗಡಿಯಾರದಂಥ ಮುಳ್ಳುಗಳನ್ನೂ ದೀಪಗಳನ್ನೂ ಗುಂಡಿಗಳನ್ನೂ ಬರೆದೆ. ಚುಕ್ಕಿ ಇಟ್ಟು ಗೆರೆ ಎಳೆದು ಅಭ್ಯಾಸವಿದ್ದ ಕೈ, ಒಂದೂ ಸೊಟ್ಟಗಾಗಲಿಲ್ಲ. ಬಾಗಿಲ ಮುಂದೆ ಒಂದು ಸ್ಟೂಲು. ಕಾಲ ಹತ್ತಿರ ಎರಡು ಇಟ್ಟಿಗೆ, ಅವು ವಿಮಾನದ ಮೂತಿಯನ್ನು ಎಡಬಲ ತಿರುಗಿಸುವ ಪೆಡಲುಗಳು. ಪಕ್ಕದಲ್ಲಿ ರಾಗಿ ತುಂಬಿದ ಡಬ್ಬ, ಅದರಲ್ಲಿ ನೆಟ್ಟಗೆ ಸಿಕ್ಕಿಸಿದ ಎರಡು ಸೌಟು, ಎಡ ಎಂಜಿನ್ನಿಗೊಂದು, ಬಲ ಎಂಜಿನ್ನಿಗೊಂದು. ಸಾರು ಬಡಿಸಲು ಸೌಟು ಬೇಕಾದರೆ ನಾನು ವಿಮಾನದಿಂದ ಕೀಳಬೇಕಿತ್ತು.

ಅವರೆಕಾಯಿಯ ಕಾಲ. ಮೈದುನ ಅಲ್ಲಾಳಸಂದ್ರದ ಹೊಲದಿಂದ ಚೀಲಗಟ್ಟಲೆ ಕಾಯಿ ತಂದು ಹಾಕಿದ್ದ. ಸಂಜೆಯಾದರೆ ಅತ್ತೆಯೂ ನಾನೂ ಮೊರದ ಎದುರುಬದುರು ಕೂತು, ನೆನೆದ ಕಾಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳ ನಡುವೆ ಹಿತಕುತ್ತಿದ್ದೆವು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ಪುಸ್ತಕವನ್ನು ಮಣೆಯ ಮೇಲೆ ಬಿಡಿಸಿಟ್ಟುಕೊಂಡು ಹಿತಕುತ್ತಲೇ ನಾನು ಓದುತ್ತಿದ್ದೆ, ಇವರು ಸ್ಟೂಲಿನ ಮೇಲಿಂದ ಉತ್ತರ ಕೊಡುತ್ತಿದ್ದರು. ಎಸ್ಸೆಸ್ಸೆಲ್ಸಿ ಇಂಗ್ಲಿಷು ಕೆಲಸಕ್ಕೆ ಬಂತು.

ಮೊದಲನೆಯ ಸಂಜೆ ಎಲ್ಲ ಸುಸೂತ್ರ. ಎರಡನೆಯ ಸಂಜೆ ಪುಸ್ತಕದ ಬಹಳ ಮುಖ್ಯವಾದ ಪುಟಕ್ಕೆ ಬಂದೆವು: ನೆಲ ಬಿಟ್ಟು ಏಳುತ್ತಿರುವಾಗಲೇ ಒಂದು ಎಂಜಿನ್ನು ನಿಂತುಹೋದರೆ ಏನು ಮಾಡಬೇಕು ಅನ್ನುವುದು. ಚೆಕ್ಕಿನಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ ಅಂತ ಇವರು ಹೇಳಿದ್ದರು. ನಾನು ಗಟ್ಟಿಯಾಗಿ ಓದಿದೆ, "ಲೆಫ್ಟ್ ಎಂಜಿನ್ ಫೇಲ್ಯೂರ್."

ಅತ್ತೆಯ ಕೈ ನಿಂತಿತು. "ಏನವ್ವ ಅದು, ದೀಪ ಅಚ್ಚೋ ಒತ್ನಾಗೆ? ಪರೀಕ್ಸೆಗೆ ಓದ್ತಾ ಕುಂತಿರೋನ ಮುಂದೆ ಪೇಲು ಪೇಲು ಅಂತೀಯಲ್ಲ! ಬಿಡ್ತು ಅನ್ನು."

"ಅದು ಆ ಫೇಲ್ ಅಲ್ಲ ಅತ್ತೆ. ಎಂಜಿನ್ನು ಕೆಟ್ಟು ನಿಂತುಹೋಗೋದು."

"ನಿಂತೋಗದಾ? ಅದು ಇನ್ನೂ ಚೆಂದಾಗದೆ! ನನ್ ಮಗ ಮ್ಯಾಲೆ ಇರ್ತಾನೆ, ನೀನು ಇಲ್ಲಿ ಕುಂತ್ಕೊಂಡು ನಿಂತೋಯ್ತು ಅಂತೀಯಾ? ಮೊದ್ಲು ಬಿಡ್ತು ಅನ್ನು."

ಬಿಡ್ತು ಅಂದೆ. ಕೆಟ್ಟ ಮಾತು ಬಾಯಿಂದ ಜಾರಿದರೆ ಅದು ತಟ್ಟದಿರಲಿ ಅಂತ ಆ ಒಂದು ಮಾತು ಹೇಳಿಬಿಡುವುದು ನಮ್ಮಲ್ಲಿ ಎಲ್ಲರಿಗೂ ರೂಢಿ. ಇವರೂ ಸ್ಟೂಲಿನ ಮೇಲಿಂದ ನಗುತ್ತಾ ಬಿಡ್ತು ಅಂದರು.

"ಮತ್ತೆ ಏನಂತ ಓದಲಿ ಅತ್ತೆ? ಪುಸ್ತಕದಲ್ಲಿ ಹಾಗೇ ಇದೆ."

"ದೀಪ ಆರೋದ್ರೆ ಏನಂತೀವಿ? ದೊಡ್ದಾಯ್ತು ಅನ್ನಾಕಿಲ್ವಾ? ಬಳೆ ಒಡುದ್ರೆ ಎಚ್ಚಿತು ಅನ್ನಾಕಿಲ್ವಾ? ಇದಕ್ಕೂ ಅಂಗೇ ಅನ್ನು. ಇಂಜಿನ್ನು ದೊಡ್ದಾಯ್ತು."

ಇವರು, "ಇರ್ಲಿ ಬಿಡೇ, ಅರ್ಥ ಆದ್ರೆ ಸಾಕಲ್ಲ," ಅಂದರು. ಆ ಮಾತೇ ಮುಂದೆ ನಮ್ಮನ್ನು ಕಾಡಿದ್ದು.

ಅಂದಿನಿಂದ ನಮ್ಮ ಪಡಸಾಲೆಯ ವಿಮಾನದಲ್ಲಿ ಎಂಜಿನ್ನು ನಿಲ್ಲಲಿಲ್ಲ, ದೊಡ್ಡದಾಯಿತು. ನಾನು ಹಿತಕುತ್ತಾ ಹಿತಕುತ್ತಾ ಇದ್ದಕ್ಕಿದ್ದ ಹಾಗೆ "ಎಡಗಡೇದು ದೊಡ್ಡದಾಯ್ತು" ಅನ್ನುವುದು. ಇವರ ಬಲಗಾಲು ಬಲದ ಇಟ್ಟಿಗೆಯನ್ನು ಒತ್ತುವುದು, ಎಡ ನಿಂತರೆ ಮೂತಿ ಎಡಕ್ಕೆ ಎಳೆಯುತ್ತದೆ, ಅದನ್ನು ತಡೆಯಲು. ಒತ್ತುತ್ತಲೇ ಇವರು "ಎಡಗಡೇದು ದೊಡ್ಡದಾಯ್ತು" ಅಂತ ತಿರುಗಿ ಹೇಳುವುದು. ನಾನು "ಹೌದು, ಎಡಗಡೇದೇ" ಅನ್ನುವುದು. ಆಮೇಲೆ ಇವರು ಎಡಗಡೆಯ ಸೌಟನ್ನು ಹಿಂದಕ್ಕೆ ಎಳೆಯುವುದು. ಹತ್ತು ದಿನದಲ್ಲಿ ಇವರ ಕೈಕಾಲು ಎಷ್ಟು ಚುರುಕಾದವೆಂದರೆ, ನನ್ನ ಬಾಯಿಂದ "ದೊಡ್ಡ" ಅನ್ನುವುದು ಬರುವಷ್ಟರಲ್ಲಿ ಇಟ್ಟಿಗೆ ಜರುಗಿರುತ್ತಿತ್ತು. ದೊಡ್ಡ ಪಾತ್ರೆ ಕೊಡಿ ಅಂತ ಅತ್ತೆಯನ್ನು ಕೇಳಿದರೂ ಜರುಗುತ್ತಿತ್ತು.

ಮೊದಲ ಚೆಕ್ಕಿನ ದಿನ ಇವರು ಮೂರು ಗಂಟೆಗೆಲ್ಲ ಮನೆಗೆ ಬಂದರು. ಷೂ ಬಿಚ್ಚದೆ ಜಗುಲಿಯ ಮೇಲೆ ಕೂತರು. "ಆಗ್ಲಿಲ್ಲ," ಅಂದರು, ಅಷ್ಟೇ. ಕಾಫಿ ಕೊಟ್ಟೆ, ಕುಡಿದರು.

ಮಾರನೆಯ ದಿನ ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಾ ತಾವೇ ಹೇಳಿದರು. ಪರೀಕ್ಷೆ ಮಾಡಲು ಬಂದಿದ್ದವರು ಬೊಂಬಾಯಿಯ ಕಡೆಯ ಹಿರಿಯ ಕ್ಯಾಪ್ಟನ್ನು, ಕನ್ನಡದ ಒಂದಕ್ಷರ ಬಾರದವರು. ಇವರ ಬಲಗಡೆಯ ಸೀಟಿನಲ್ಲಿ ಕೂತಿದ್ದರು. ವಿಮಾನ ನೆಲ ಬಿಟ್ಟು ಎದ್ದಿತೋ ಇಲ್ಲವೋ, ಅವರು ಸದ್ದಿಲ್ಲದೆ ಎಡ ಎಂಜಿನ್ನಿನ ಶಕ್ತಿ ತೆಗೆದುಬಿಟ್ಟರು.

"ಕಾಲು ತಾನಾಗೇ ಒತ್ತಿತು ಕಣೇ. ಬಾಯೂ ತಾನಾಗೇ ತೆರೀತು. ಎಡಗಡೇದು ದೊಡ್ಡದಾಯ್ತು ಅಂದ್ಬಿಟ್ಟೆ."

ನನ್ನ ಕೈಯಲ್ಲಿದ್ದ ಹಗ್ಗ ಹಾಗೇ ನಿಂತಿತು.

"ನಾನು ಅವರ ಹೌದಿಗೆ ಕಾಯ್ತಾ ಕೂತೆ, ನೀನು ಹೇಳ್ತಿದ್ದೆಯಲ್ಲ ಹಾಗೆ. ಅವರು ನನ್ನ ಮಾತಿಗೆ ಕಾಯ್ತಾ ಕೂತಿದ್ರು. ಇಬ್ರೂ ಕಾಯ್ತಾ ಕೂತ್ವಿ. ಆಮೇಲೆ ಅವರೇ ವಿಮಾನಾನ ತಮ್ಮ ಕೈಗೆ ತಗೊಂಡ್ರು."

ಇಳಿದ ಮೇಲೆ ಆ ಕ್ಯಾಪ್ಟನ್ನು, ಆಗ ನೀವು ಅಂದದ್ದೇನು, ಅದರ ಅರ್ಥವೇನು ಅಂತ ಕೇಳಿದರಂತೆ. ಇವರು ಮುಚ್ಚಿಡದೆ ಇಂಗ್ಲಿಷಿನಲ್ಲಿ ಅರ್ಥ ಹೇಳಿದರಂತೆ. ಅವರು ಕಿಟಕಿಯಿಂದ ಎಡ ಎಂಜಿನ್ನನ್ನು ಒಂದು ಸಲ ನೋಡಿ, "ನನಗೇನೋ ಮೊದಲಿನಷ್ಟೇ ಕಾಣುತ್ತಿದೆ," ಅಂದರಂತೆ. ನನಗೆ ನಗು ಬಂತು, ತಡೆದುಕೊಂಡೆ. ಇವರೇ ನಕ್ಕುಬಿಟ್ಟರು. ನಕ್ಕು, ಬಾಯಿ ಮುಕ್ಕಳಿಸಿದರು. ಕೈಕಾಲಿನ ಕೆಲಸದಲ್ಲಿ ತಪ್ಪಿಲ್ಲ ಅನ್ನುವ ಕಾರಣಕ್ಕೆ ಇನ್ನೊಂದು ಅವಕಾಶ ಕೊಟ್ಟಿದ್ದರು, ಹದಿನೈದು ದಿನ ಬಿಟ್ಟು. ಅದರಲ್ಲೂ ಆಗದಿದ್ದರೆ ಮೂರನೆಯದಿಲ್ಲ.

"ಫೇಲ್ ಅನ್ನದೆ ಇದ್ದಿದ್ದಕ್ಕೇ ಫೇಲಾದೆ ನೋಡು," ಅಂದರು.

ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. ಆಮೇಲೆ ಒಲೆಯ ಮುಂದೆ ನನ್ನೊಬ್ಬಳನ್ನೇ ಕೇಳಿದರು, "ನನ್ ಮಾತಿಂದ ಆಯ್ತೇನವ್ವ?"

"ಹಾಗೇನಿಲ್ಲ ಅತ್ತೆ. ಅನ್ನೋರು ನಾವು, ಕೇಳೋರು ಅವರು. ಅವರಿಗೆ ಗೊತ್ತಾಗ್ಲಿಲ್ಲ ಅಷ್ಟೇ."

ಅತ್ತೆ ಒಲೆಗೆ ಇನ್ನೊಂದು ಸೌದೆ ತಳ್ಳಿದರು. ಆ ದಿನವೂ ಮಾರನೆಯ ದಿನವೂ ಅರ್ಧ ಮುದ್ದೆಗೇ ಕೈ ತೊಳೆದರು.

ಇನ್ನು ಪುಸ್ತಕದಲ್ಲಿ ಇದ್ದಂತೆಯೇ ಓದಬೇಕು ಅಂತ ತೀರ್ಮಾನವಾಯಿತು. ತೀರ್ಮಾನವೇನೋ ಸುಲಭ. ಸಂಜೆ ಆ ಪುಟ ಬಿಡಿಸಿ ಇವರ ಮುಖ ನೋಡಿದರೆ ನನ್ನ ನಾಲಿಗೆ ಏಳಲೊಲ್ಲದು. "ಲೆಫ್ಟ್ ಎಂಜಿನ್..." ಅಂತ ಶುರು ಮಾಡುವುದು, ಉಳಿದದ್ದನ್ನು ನುಂಗುವುದು. ಹದಿನಾರು ವರ್ಷದಿಂದ ಇವರು ಮನೆ ಬಿಡುವಾಗ ಹೋಗ್ತೀನಿ ಅಂದವರಲ್ಲ, ಬರ್ತೀನಿ ಅಂದವರು. ನಾನೂ ಹೂಂ ಬನ್ನಿ ಅಂದವಳು. ಅಂಥ ಬಾಯಲ್ಲಿ ಇದನ್ನು ಹೇಗೆ ಅನ್ನಲಿ?

"ಜೋರಾಗಿ ಹೇಳೇ," ಅಂತ ಇವರು.

"ನೀವೇ ಅಂದ್ಕೊಳ್ಳಿ ಮನಸ್ಸಲ್ಲಿ."

"ಮನಸ್ಸಲ್ಲಿ ಅಂದ್ಕೊಂಡ್ರೆ ಆ ಮನುಷ್ಯನಿಗೆ ಕೇಳ್ಸತ್ತಾ?"

ಹೀಗೆ ಎರಡು ಸಂಜೆ ದಂಡವಾದವು. ಮೂರನೆಯ ದಿನ ಬೆಳಿಗ್ಗೆ ಇವರು ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದರು. ಹಿತ್ತಲಲ್ಲಿ ಸೌದೆ ಒಟ್ಟುತ್ತಿದ್ದ ಅತ್ತೆ ಬಚ್ಚಲ ಗೋಡೆಗೆ ಬಾಯಿಟ್ಟು, ಹೊಲದ ಆ ಬದುವಿಗೆ ಕೇಳಿಸುವ ಹಾಗೆ ಕೂಗಿದರು:

"ಲೆಪ್ಟು ಇಂಜಿನ್ ಪೇಲು!"

ಒಳಗೆ ಚೊಂಬು ಬಿದ್ದ ಸದ್ದು. "ಅವ್ವಾ?"

"ಏನ್ಲಾ ಅವ್ವ ಅಂತೀಯಾ? ಪೇಲಾಯ್ತು ಅಂತ ಬಾಯ್ ಬಡ್ಕೊತಾ ಇವ್ನಿ, ಕಾಲೊತ್ತೋ!"

ಆಮೇಲೆ ಒಳಗಿನಿಂದ ಸ್ಪಷ್ಟವಾಗಿ ಬಂತು: "ಲೆಫ್ಟ್ ಎಂಜಿನ್ ಫೇಲ್ಯೂರ್." ನಾನು ಅಡುಗೆಮನೆಯ ಕಿಟಕಿಯಿಂದ, ಪುಸ್ತಕದಲ್ಲಿ ಇದ್ದ ಹಾಗೆ, "ಕನ್ಫರ್ಮ್ಡ್" ಅಂದೆ. ಮುಂದಿನದನ್ನೆಲ್ಲ ಇವರು ಸೋಪು ಮೆತ್ತಿದ ಬಾಯಲ್ಲೇ ಒಂದೂ ಬಿಡದೆ ಒಪ್ಪಿಸಿದರು. ಮುಗಿದ ಮೇಲೆ ಅತ್ತೆ ಸೌದೆಯ ಕಡೆ ತಿರುಗಿ, ತಮಗೊಬ್ಬರಿಗೇ ಕೇಳುವ ಹಾಗೆ, "ಬಿಡ್ತು," ಅಂದರು.

"ನಾನಂದ್ರೆ ಬೇಡ ಅಂದ್ರಿ, ನೀವು ಅನ್ನಬಹುದಾ ಅತ್ತೆ?" ಅಂತ ಆಮೇಲೆ ಕೇಳಿದೆ.

"ಎತ್ತಿರೋಳು ನಾನು ಕಣಮ್ಮಿ. ನಾನಂದ್ರೆ ಅವ್ನಿಗೆ ತಟ್ಟಾಕಿಲ್ಲ. ಮ್ಯಾಲೆ ಬಿಡ್ತು ಬೇರೆ ಅಂದಿವ್ನಿ."

ಆ ಮಾತು ಯಾವಾಗ ಕಲಿತರೋ ಗೊತ್ತಿಲ್ಲ. ನಾನು ನುಂಗುತ್ತಿದ್ದ ಚೂರನ್ನೇ ಅವರು ಮೊರದ ಆಚೆ ಕೂತು ಆರಿಸಿಕೊಂಡಿರಬೇಕು. ಎಡ ಬಲ ಮಾತ್ರ ಇಂಗ್ಲಿಷಿನಲ್ಲಿ ತಲೆಗೆ ಹತ್ತಲಿಲ್ಲ. ಲೆಪ್ಟು ಅಂದರೆ ಉಣ್ಣದ ಕೈ, ರೈಟು ಅಂದರೆ ಉಣ್ಣುವ ಕೈ ಅಂತ ಹೇಳಿಕೊಟ್ಟೆ. ಅದು ಸರಿಹೋಯಿತು.

ಮುಂದಿನ ಹತ್ತು ದಿನ ಇವರಿಗೆ ಮನೆಯಲ್ಲಿ ನೆಮ್ಮದಿಯಿಲ್ಲ. ನನ್ನ ಪಾಠಕ್ಕಾದರೆ ಹೊತ್ತು ಗೊತ್ತು ಇತ್ತು. ಅತ್ತೆಯದಕ್ಕೆ ಇರಲಿಲ್ಲ. ಬಾಯಿಗೆ ಮುದ್ದೆ ಇಟ್ಟಾಗ ಪೇಲು. ಷೂ ಲೇಸು ಕಟ್ಟುವಾಗ ಪೇಲು. ಗಡ್ಡ ಕೆರೆಯುವಾಗ ಒಂದು ಸಲ ಪೇಲಾಗಿ ಇವರ ಗಲ್ಲ ಕೊಯ್ದಿತು. ಆದರೂ ಇವರು ರಕ್ತ ಒರೆಸಿಕೊಳ್ಳದೆ ಮೊದಲು ಉತ್ತರ ಪೂರ್ತಿ ಮಾಡಿದರು. ಮೊದಮೊದಲು ಮರೆತು "ದೊಡ್ಡ" ಅನ್ನಲು ಹೋಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಆಮೇಲಾಮೇಲೆ ಅದು ನಿಂತಿತು. ಪ್ರತಿ ಸಲವೂ ಕೊನೆಗೆ ಅತ್ತೆ ಬಿಡ್ತು ಅನ್ನುವರು, ಅವರ ಜೊತೆಗೆ ಇವರೂ ಅನ್ನುವರು.

ಹಾಲಿನವಳು ಒಂದು ದಿನ ಇದನ್ನೆಲ್ಲ ಕೇಳಿ ಚೊಂಬು ಕೆಳಗಿಟ್ಟಳು. "ಏನಜ್ಜಿ, ಇಷ್ಟು ವಯಸ್ಸಾದ್ರೂ ನಿನ್ ಮಗ ಇನ್ನೂ ಪೇಲಾಗ್ತಾನೇ ಅವ್ನಾ?"

"ನಾನೇ ದಿನಕ್ಕೆ ಅತ್ ಸಲಿ ಪೇಲ್ ಮಾಡ್ತಾ ಇವ್ನಿ ಕಣೆ, ಅಲ್ಲೋಗಿ ಆಗ್ದಿರ್ಲಿ ಅಂತ. ನೀನು ಆ ನೀರು ಉಯ್ಯೋದ್ ನಿಲ್ಸಿ ಆಲ್ ಉಯ್ಯಿ."

ಹಾಗೆ ಆ ದಿನ ಬಂತು. ಮೇಲೆ ಬರೆದ ಪಟ್ಟಿಯ ದಿನ. ಕಂಪನಿಯ ವ್ಯಾನು ಬಳ್ಳಾರಿ ರಸ್ತೆಯಲ್ಲಿ ನಿಂತು ಹಾರ್ನು ಹೊಡೆಯಿತು. ಇವರು ಟೋಪಿ ಹಾಕಿಕೊಂಡು ಹೊಸ್ತಿಲ ಹತ್ತಿರ ನಿಂತು, "ಬರ್ತೀನಿ," ಅಂದರು.

ನಾನು ಹೂಂ ಬನ್ನಿ ಅನ್ನಬೇಕಿತ್ತು. ಅದರ ಬದಲು ಏನಾಯಿತೋ, ಬೇರೆಯೇ ಮಾತು ಎದ್ದು ಬಂತು. ಇವರ ಮುಖವನ್ನೇ ನೋಡಿಕೊಂಡು, ಒಂದಕ್ಷರವನ್ನೂ ನುಂಗದೆ ಅಂದೆ:

"ಲೆಫ್ಟ್ ಎಂಜಿನ್ ಫೇಲ್ಯೂರ್."

ಹೊಸ್ತಿಲಿನಲ್ಲಿ, ಹೊರಟ ಗಂಡನಿಗೆ, ಬೆಳಗಿನ ಹೊತ್ತು. ಇವರು ನನ್ನನ್ನು ಒಂದು ಕ್ಷಣ ನೋಡಿದರು. ಬಲಗಾಲಿನ ಷೂ ಹೊಸ್ತಿಲನ್ನು ಒತ್ತಿತು. ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ, ಅವಸರವಿಲ್ಲದೆ, ಪಕ್ಕದಲ್ಲಿ ಆ ಬೊಂಬಾಯಿಯ ಕ್ಯಾಪ್ಟನ್ನೇ ನಿಂತಿದ್ದಾರೆ ಅನ್ನುವ ಹಾಗೆ ಹೇಳಿದರು. ಒಳಗೆ ದೇವರ ಗೂಡಿನ ಮುಂದೆ ಕೂತಿದ್ದ ಅತ್ತೆಯ ದನಿ ಬಂತು, "ಬಿಡ್ತು!" ಇವರು ನಗುತ್ತಾ ಇಳಿದು ಹೋದರು.

ಹೊಸ ವಿಮಾನದ ಸದ್ದು ಡಕೋಟದ ಗುಡುಗಿನ ಹಾಗಲ್ಲ. ದೂರದ ಗಾಡಿ ಎಡೆಬಿಡದೆ ಸಿಳ್ಳೆ ಹೊಡೆದ ಹಾಗೆ ತೆಳ್ಳಗೆ ಬರುತ್ತದೆ. ವಿಮಾನ ನಿಲ್ದಾಣ ಊರಿನ ಆ ಕೊನೆಗೆ, ಪೂರ್ವಕ್ಕೆ. ಕಲಿಯುವ ದಿನಗಳಲ್ಲಿ ಒಮ್ಮೊಮ್ಮೆ ಅದು ನಮ್ಮ ಕೆರೆಯ ಆಚೆಯವರೆಗೂ ಬಂದು ತಿರುಗುತ್ತಿತ್ತು. ಅಂದು ಹನ್ನೊಂದರ ಸುಮಾರಿಗೆ ಅತ್ತೆಯೂ ನಾನೂ ಮೊರ ಹಿಡಿದು ಹಿತ್ತಲಲ್ಲಿ ಕೂತಿದ್ದಾಗ ಆ ಸಿಳ್ಳೆ ಕೇಳಿಸಿತು. ಬಂತು, ತಿರುಗಿತು, ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಈ ಸಲ ಸದ್ದು ಬೇರೆ, ಎರಡೆಳೆಯ ಹುರಿಯಲ್ಲಿ ಒಂದೆಳೆ ಬಿಚ್ಚಿ ತೆಗೆದ ಹಾಗೆ.

ಅತ್ತೆಯ ಬೆರಳಲ್ಲಿ ಕಾಳು ಹಾಗೇ ನಿಂತಿತು. "ಒಂದೇ ಕೂಗ್ತಾ ಅದೆ ಅಲ್ವೇನವ್ವ?"

"ಹೌದು ಅತ್ತೆ."

ಇಬ್ಬರೂ ಎದ್ದೆವು. ಕೆರೆಯ ಮೇಲೆ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆವು. ಸಣ್ಣದಾಗಿ ಕಂಡಿತು, ಬೆಳ್ಳಿಯ ಸೂಜಿಯ ಹಾಗೆ. ಅದರೊಳಗೆ ಇವರೇ ಇದ್ದಾರೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ. ಅದು ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಹೊಲದಲ್ಲಿ ಉಳುವವರನ್ನು ಬದುವಿನ ಮೇಲೆ ನಿಂತು ನೋಡುವವರ ಹಾಗೆ ಅತ್ತೆ ಕಣ್ಣು ಕಿರಿದು ಮಾಡಿ ಆ ಗೆರೆಯನ್ನೇ ನೋಡಿದರು.

"ನೆಟ್ಟಗೆ ಓಗ್ತಾ ಅದೆ," ಅಂದರು. ಮತ್ತೆ, ನನ್ನ ತೋಳು ಹಿಡಿದು, "ನೆಟ್ಟಗೆ ಓಗ್ತಾ ಅದೆ ಕಣಮ್ಮಿ!"

ಅದು ಕಣ್ಣಿಗೆ ಮರೆಯಾಗುವ ತನಕ ನಿಂತಿದ್ದೆವು. ಆಮೇಲೆ ಕೂತು ಉಳಿದ ಕಾಳೆಲ್ಲ ಹಿತಕಿದೆವು. ಆ ದಿನದಷ್ಟು ಬೇಗ ಮೊರ ಖಾಲಿಯಾದದ್ದು ನನಗೆ ನೆನಪಿಲ್ಲ.

ನಾಲ್ಕು ಗಂಟೆಗೆ ವ್ಯಾನು ಬಂತು. ಅತ್ತೆ ಊಟವಾದಾಗಿನಿಂದ ಗೇಟು ಹಿಡಿದೇ ನಿಂತಿದ್ದರು. ಪಾಸೋ ಫೇಲೋ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಇವರು ವ್ಯಾನಿನಿಂದ ಇಳಿದು ಇನ್ನೂ ಹತ್ತು ಹೆಜ್ಜೆ ದೂರವಿದ್ದಾಗಲೇ, ಡ್ರೈವರ್ ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವುದನ್ನೂ ಲೆಕ್ಕಿಸದೆ ಕೂಗಿದರು:

"ಲೆಪ್ಟು ಇಂಜಿನ್ ಪೇಲು!"

ಇವರು ನಿಂತರು. ಚೀಲ ಕೆಳಗಿಟ್ಟರು. ಬಲಗಾಲನ್ನು ರಸ್ತೆಯ ಮಣ್ಣಿಗೆ ಒತ್ತಿದರು. ಡ್ರೈವರ್ ಬಾಯಿ ತೆರೆದುಕೊಂಡು ನೋಡುತ್ತಿದ್ದ.

"ಪಾಸು ಕಣವ್ವಾ," ಅಂದರು.

ಅತ್ತೆ ಗೇಟಿನ ಮೇಲೆ ತಲೆಯಿಟ್ಟು ಅತ್ತರು. ಇವರನ್ನು ಕಳಿಸಿಕೊಡುವಾಗಲೂ ಅತ್ತವರಲ್ಲ, ಮೊದಲ ಸಲ ಆಗದೆ ಬಂದಾಗಲೂ ಅತ್ತವರಲ್ಲ. ನಾನು ಒಳಗೆ ಹೋಗಿ ಹಾಲು ಒಲೆಯ ಮೇಲಿಟ್ಟೆ. ಅಳು ಬಂದರೆ ನನಗೆ ಕೆಲಸ ಬೇಕು.

ಕಾಫಿ ಕುಡಿಯುತ್ತಾ ಇವರು ಎಲ್ಲ ಹೇಳಿದರು. ಅದೇ ಕ್ಯಾಪ್ಟನ್ನು, ಅದೇ ಸೀಟು, ಅದೇ ಎಡ ಎಂಜಿನ್ನು. ಈ ಸಲ ಮಾತು ಪುಸ್ತಕದಲ್ಲಿದ್ದ ಹಾಗೆಯೇ ಬಂತು, ಪಕ್ಕದಿಂದ ಉತ್ತರವೂ ತಕ್ಷಣ ಬಂತು, ಕೈ ಸರಿಯಾದ ಹಿಡಿಗೇ ಹೋಯಿತು. ಒಂದೇ ಎಂಜಿನ್ನಿನಲ್ಲಿ ಸುತ್ತು ಹೊಡೆದು ಬಂದು ಇಳಿಸಿದರು. ವಿಮಾನ ನಿಂತಿತು. ಎಲ್ಲ ಮುಗಿಯಿತು.

"ಮುಗೀತು ಅಂತ ಉಸಿರು ಬಿಟ್ಟೆ ನೋಡು, ಬಾಯಿಂದ ಬಿಡ್ತು ಅಂತ ಬಂದ್ಬಿಡ್ತು."

"ಅಯ್ಯೋ!" ಅಂದೆ. ಮತ್ತೆ ಕನ್ನಡ!

"ಅವರು ನನ್ನ ಕಡೆ ತಿರುಗಿದ್ರು. ಇದೇನು ಅಂದ್ರು. ಎಲ್ಲಾ ಮುಗಿದ ಮೇಲೆ ಹೇಳೋದು ಸಾರ್ ಅಂದೆ. ಪುಸ್ತಕದ ಯಾವ ಪುಟದಲ್ಲಿದೆ ಅಂದ್ರು. ಪುಸ್ತಕದಲ್ಲಿಲ್ಲ, ನಮ್ಮವ್ವ ಸೇರ್ಸಿರೋದು ಅಂದೆ."

"ಅದಕ್ಕೆ ಏನಂದ್ರು?"

"ಕೊನೇಲಿ ಹೇಳೋದಾದ್ರೆ ಅಡ್ಡಿಯಿಲ್ಲ ಅಂದ್ರು. ಆಮೇಲೆ ಸೀಟಿಂದ ಏಳ್ತಾ ಅವರೂ ಒಂದ್ಸಲ ಅಂದ್ರು ಕಣೇ. ಬಿಡತೂ ಅಂತ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಬುದ್ದಿವಂತ," ಅಂದರು. "ಅವ್ನಿಗೂ ಒಂದ್ ಲೋಟ ಪಾಯ್ಸ ಕಳ್ಸೋದಲ್ವಾ?"

ಸೀಮೆಸುಣ್ಣದ ವಿಮಾನವನ್ನು ಆ ಸಂಜೆ ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಲಗಡೆಯ ಕೆಳಮೂಲೆಯ ಒಂದು ಗುಂಡಿ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆ ಮನೆ ಬಿಡುವ ತನಕ ಹಾಗೇ ಇತ್ತು. ಸೌಟುಗಳು ಅಡುಗೆಮನೆಗೆ ವಾಪಸು ಬಂದವು. ಇಟ್ಟಿಗೆಗಳು ತುಳಸಿಕಟ್ಟೆಯ ಬುಡಕ್ಕೆ ಹೋದವು.

ಅಂದು ಉಂಡದ್ದು: ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ಮಜ್ಜಿಗೆ, ಶ್ಯಾವಿಗೆ ಪಾಯಸ. ಅತ್ತೆ ಒಂದೂವರೆ ಮುದ್ದೆ ಉಂಡರು. ಮೊದಲು ಮಲಗಿದವರು ಇವರು. ಕೈ ತೊಳೆದು ಬಂದು ಹಾಸಿಗೆಗೆ ಒರಗಿದರೋ ಇಲ್ಲವೋ, ನಿದ್ದೆ. ಅತ್ತೆ ತಮ್ಮ ಚಾಪೆಯಿಂದ, "ದೀಪ ದೊಡ್ದು ಮಾಡವ್ವ," ಅಂದರು. ಮಲಗಿದ್ದ ಇವರ ಬಲಗಾಲು ಹೊದಿಕೆಯೊಳಗೇ ಒಂದು ಸಲ ಒತ್ತಿ ಸುಮ್ಮನಾಯಿತು.